ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ಕಂಪ್ಯೂಟರಿನಿಂದ ಕಡಲ ತಳಕ್ಕೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇಲ್ಲ. ಕಡಲಿಗೆ ಇಳಿಯಲಾಗದ ಈ ದಿನಗಳಲ್ಲಿ ಸ್ಕೂಬಾ ತಾಣಗಳನ್ನು, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗಿ ನೋಡುವ ಜಾಗಗಳನ್ನು, ಪರದೆಯ ಮೇಲೆ ನೋಡುವ ಬಗ್ಗೆ ಹಲವರು ಬರೆದಿದ್ದಾರೆ. ಅವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ.

ಕಂಪ್ಯೂಟರಿನಲ್ಲೇ ಕಡಲೊಳಗಿನ ತಾಣ ಸುತ್ತಬಹುದು ಎನ್ನುತ್ತಾರೆ. ಅದಕ್ಕೆ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಕೊಳ್ಳಲೇಬೇಕೇ? ಎಲ್ಲಿಂದ ಶುರು ಮಾಡಲಿ?
– ಎಸ್. ಕೆ., ಕಟಪಾಡಿ

ಹೆಡ್‌ಸೆಟ್ ಬೇಡ. ಮೌಸ್ ಇರುವ ಸಾಧಾರಣ ಕಂಪ್ಯೂಟರ್, ಈಚಿನ ಆವೃತ್ತಿಯ ಬ್ರೌಸರ್ ಇದ್ದರೆ ಸಾಕು. ಟಚ್‌ಪ್ಯಾಡ್‌ನಲ್ಲಿ ಬೆರಳು ಸೋಲುತ್ತದೆ, ಚಕ್ರವಿರುವ ಮೌಸ್ ಹಾಕಿಕೊಳ್ಳಿ.

ಶುರು ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ. 'ವರ್ಚುವಲ್ ಡೈವ್' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನುಗಳು ಸಿಗುತ್ತವೆ. ಮೊದಲನೆಯದು 360 ಡಿಗ್ರಿ ಫೋಟೊ ಅಥವಾ ವಿಡಿಯೊ. ಇದರಲ್ಲಿ ಕ್ಯಾಮೆರಾ ನಿಂತ ಜಾಗದಲ್ಲೇ ನಿಂತು ಸುತ್ತ ನೋಡಬಹುದು, ಒಂದು ಹೆಜ್ಜೆಯೂ ಪಕ್ಕಕ್ಕೆ ಸರಿಯಲಾಗದು. ಎರಡನೆಯದು ನೂರಾರು, ಸಾವಿರಾರು ಫೋಟೊಗಳಿಂದ ಕಟ್ಟಿದ ತ್ರೀಡಿ ಮಾಡೆಲ್. ಇದರಲ್ಲಿ ಹಡಗಿನ ಸುತ್ತ, ಮೇಲೆ, ಕೆಳಗೆ ಎಲ್ಲಿ ಬೇಕಾದರೂ ಹೋಗಬಹುದು, ಆದರೆ ಮೀನು ಈಜುವುದಿಲ್ಲ, ನೀರೂ ಇರುವುದಿಲ್ಲ. ಮೂರನೆಯದು ಗೂಗಲ್ ಅರ್ಥ್‌ನಂಥ ಭೂಪಟ. ಅದು ಕಡಲ ತಳದ ಏರಿಳಿತ ತೋರಿಸುತ್ತದೆಯೇ ಹೊರತು ಹವಳವನ್ನಲ್ಲ. ಈ ತಿಂಗಳು ಬಂದ ದೂರುಗಳಲ್ಲಿ ಅರ್ಧಕ್ಕರ್ಧ, ಒಂದು ಬಗೆಯದರಿಂದ ಇನ್ನೊಂದು ಬಗೆಯ ಕೆಲಸ ನಿರೀಕ್ಷಿಸಿದ್ದರಿಂದ ಹುಟ್ಟಿದವು.

ಶುರು ಮಾಡಲು ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂ ಸುಲಭ, ಅದು ಮೊದಲ ಬಗೆಯದು. ಫಿಲಿಪೀನ್ಸ್‌ನ ಅಪೊ ದ್ವೀಪ, ಆಸ್ಟ್ರೇಲಿಯಾದ ಹೆರಾನ್ ದ್ವೀಪ, ಹವಾಯಿಯ ಮೊಲೊಕಿನಿ, ಇವುಗಳಲ್ಲಿ ಒಂದನ್ನು ಹುಡುಕಿ, ಮೂಲೆಯಲ್ಲಿರುವ ಹಳದಿ ಗೊಂಬೆಯನ್ನು ಎಳೆದು ದಡದಾಚೆಯ ನೀಲಿ ಗೆರೆ ಅಥವಾ ಚುಕ್ಕೆಯ ಮೇಲೆ ಬಿಡಿ. ಕ್ಯಾಟ್ಲಿನ್ ಸೀವ್ಯೂ ಸರ್ವೆ ಎಂಬ ಹವಳ ಸಮೀಕ್ಷೆಯ ತಂಡ ತೆಗೆದ ಈ ಚಿತ್ರಗಳು 2012ರಲ್ಲಿ ಮೊದಲು ಬಂದವು. ಪರದೆಯ ಮೇಲೆ ಕಾಣುವ ತಿಂಗಳು, ವರ್ಷವನ್ನು ಓದದೆ ಮುಂದೆ ಹೋಗಬೇಡಿ. ಹೆರಾನ್ ದ್ವೀಪವಿರುವ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022, 2024ರಲ್ಲಿ ಹವಳ ಬಿಳಿಚಿಕೊಳ್ಳುವ ವಿಪತ್ತು ವ್ಯಾಪಕವಾಗಿ ನಡೆದಿದೆ. ನೀವು ನೋಡುತ್ತಿರುವುದು ಇಂದಿನ ಹವಳ ಅಂದುಕೊಳ್ಳುವಂತಿಲ್ಲ.

ಮುಳುಗಿದ ಹಡಗಿನ ತ್ರೀಡಿ ಮಾಡೆಲ್ ತೆರೆದರೆ ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತದೆ, ಆಮೇಲೆ ಪರದೆ ಕಪ್ಪಾಗುತ್ತದೆ. 4 ಜಿಬಿ ರ‍್ಯಾಮ್ ಇದೆ. ಇಂಟರ್‌ನೆಟ್ ಪ್ಲ್ಯಾನ್ ಬದಲಿಸಬೇಕೇ?
– ವಿ. ಪಿ., ಸುರತ್ಕಲ್

ಇಂಟರ್‌ನೆಟ್‌ಗೂ ಇದಕ್ಕೂ ಸಂಬಂಧವಿಲ್ಲ. ಮಾಡೆಲ್ ಒಮ್ಮೆ ಇಳಿದ ಮೇಲೆ ಉಳಿದ ಕೆಲಸವೆಲ್ಲ ಗ್ರಾಫಿಕ್ಸ್ ಚಿಪ್‌ನದು.

ಕ್ರೋಮ್ ಬ್ರೌಸರಿನ ವಿಳಾಸಪಟ್ಟಿಯಲ್ಲಿ 'ಕ್ರೋಮ್' ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್, ಎರಡು ಸ್ಲ್ಯಾಶ್, 'ಜಿಪಿಯು' ಎಂಬ ಮೂರು ಅಕ್ಷರ ಸೇರಿಸಿ (chrome://gpu) ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ, ಬ್ರೌಸರಿನೊಳಗೆ ತ್ರೀಡಿ ಬಿಡಿಸುವ ವೆಬ್‌ಜಿಎಲ್ ಎದುರು 'ಹಾರ್ಡ್‌ವೇರ್ ಆಕ್ಸಿಲರೇಟೆಡ್' ಎಂದಿರಬೇಕು. 'ಸಾಫ್ಟ್‌ವೇರ್ ಓನ್ಲಿ' ಎಂದಿದ್ದರೆ ಎಲ್ಲ ಲೆಕ್ಕವನ್ನೂ ಪ್ರೊಸೆಸರ್ ಒಂದೇ ಹೊರುತ್ತಿದೆ, ಫ್ಯಾನ್ ಕೂಗುವುದು ಅದಕ್ಕೇ. ಸೆಟ್ಟಿಂಗ್ಸ್‌ನ 'ಸಿಸ್ಟಮ್' ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆನ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಗ್ರಾಫಿಕ್ಸ್' ಒತ್ತಿ, ನಿಮ್ಮ ಬ್ರೌಸರಿಗೆ 'ಹೈ ಪರ್ಫಾರ್ಮೆನ್ಸ್' ಆರಿಸಿ. ಚಾರ್ಜರ್ ಹಾಕಿಯೇ ನೋಡಿ, ಬ್ಯಾಟರಿಯಲ್ಲಿ ಚಿಪ್ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ.

ಪರದೆ ಕಪ್ಪಾಗುವುದಕ್ಕೆ ಕಾರಣ ಮಾಡೆಲ್ ಮೇಲೆ ಹೊದಿಸಿದ ಚಿತ್ರಗಳು, ಅಂದರೆ ಟೆಕ್ಸ್ಚರ್. ಹಾರ್ಡ್ ಡಿಸ್ಕಿನಲ್ಲಿ ಎಷ್ಟೇ ಚಿಕ್ಕ ಜೆಪೆಗ್ ಆಗಿದ್ದರೂ ಮೆಮೊರಿಗೆ ಬಂದಾಗ ಅದು ಬಿಚ್ಚಿಕೊಳ್ಳುತ್ತದೆ. 4096 × 4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್‌ಗೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ 64 ಎಂಬಿ ಬೇಕು. ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳೂ ಸೇರಿದರೆ ಸುಮಾರು 85 ಎಂಬಿ. ಅಂಥವು ಹತ್ತಿದ್ದರೆ 850 ಎಂಬಿ. ನಿಮ್ಮ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲದಿದ್ದರೆ ಇಷ್ಟನ್ನೂ ಆ 4 ಜಿಬಿಯಲ್ಲೇ ವಿಂಡೋಸ್ ಜೊತೆ ಹಂಚಿಕೊಳ್ಳಬೇಕು. ಬೇರೆ ಟ್ಯಾಬ್‌ಗಳನ್ನು ಮುಚ್ಚಿ, ಮಾಡೆಲ್ ತೋರಿಸುವ ವೀಕ್ಷಕದ ಗೇರ್ (ಹಲ್ಲುಚಕ್ರ) ಗುರುತಿನಲ್ಲಿ ಟೆಕ್ಸ್ಚರ್ ಗುಣಮಟ್ಟ ಇಳಿಸಿ, ಪೂರ್ಣ ಪರದೆಗೆ ಹೋಗಬೇಡಿ. ಹಣ ಹಾಕುವುದಾದರೆ ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ, ಪ್ಲ್ಯಾನ್ ಹಾಗೇ ಇರಲಿ.

ಮಾಡೆಲ್ ಒಳಗೆ ಹೋದರೆ ದಾರಿ ತಪ್ಪುತ್ತದೆ. ಒಮ್ಮೊಮ್ಮೆ ಹಡಗೇ ಮಾಯ! ಮೌಸ್ ಹಾಳಾಗಿದೆಯೇ?
– ಆರ್. ಡಿ., ಮೂಡುಬಿದಿರೆ

ಮೌಸ್ ಸರಿಯಾಗಿದೆ. ತ್ರೀಡಿ ಮಾಡೆಲ್ ಇಟ್ಟಿರುವ ಜಾಲತಾಣ ಸ್ಕೆಚ್‌ಫ್ಯಾಬ್‌ನಂಥ ವೀಕ್ಷಕದಲ್ಲಿ ಎಡಗುಂಡಿ ಒತ್ತಿ ಎಳೆದರೆ ಮಾಡೆಲ್ ತಿರುಗುತ್ತದೆ, ಬಲಗುಂಡಿಯಿಂದ ಪಕ್ಕಕ್ಕೆ ಸರಿಯುತ್ತದೆ, ಚಕ್ರದಿಂದ ಹತ್ತಿರ–ದೂರ. ತಿರುಗುವಿಕೆಗೆ ಒಂದು ಕೇಂದ್ರಬಿಂದು ಇರುತ್ತದೆ. ನೀವು ಹಡಗಿನ ಮೂತಿಗೆ ಬಂದಿದ್ದರೂ ಕೇಂದ್ರ ಇನ್ನೂ ನಡುಭಾಗದಲ್ಲೇ ಇದ್ದರೆ ಸ್ವಲ್ಪ ಎಳೆದರೂ ಇಡೀ ಹಡಗು ಬೀಸಿಕೊಂಡು ಪರದೆಯಾಚೆ ಹೋಗುತ್ತದೆ. ನೋಡಬೇಕಾದ ಜಾಗದ ಮೇಲೆ ಡಬಲ್ ಕ್ಲಿಕ್ ಮಾಡಿ, ಕೇಂದ್ರ ಅಲ್ಲಿಗೆ ಬರುತ್ತದೆ. ಇದೊಂದು ರೂಢಿಯಾದರೆ ಮುಕ್ಕಾಲು ಪಾಲು ಗೋಜಲು ಮುಗಿಯಿತು. ಈಜಿದಂತೆ ಮುಂದೆ ಸಾಗಬೇಕಾದರೆ ಸೆಟ್ಟಿಂಗ್‌ನಲ್ಲಿ 'ಫಸ್ಟ್ ಪರ್ಸನ್' ಆರಿಸಿ, ಕೀಬೋರ್ಡಿನ ಡಬ್ಲ್ಯೂ, ಎ, ಎಸ್, ಡಿ ಬಳಸಿ.

ಗೋಡೆ ದಾಟಿ ಒಳಗೆ ನುಗ್ಗಿದಾಗ ಆ ಗೋಡೆ ಕಾಣದೆ ಹೋಗುವುದೂ ದೋಷವಲ್ಲ. ಮಾಡೆಲ್‌ಗೆ ಇರುವುದು ಮೇಲ್ಮೈ ಮಾತ್ರ, ಅದಕ್ಕೆ ದಪ್ಪವಿಲ್ಲ. ಹಲವು ಸಲ ಹಿಂಬದಿಯನ್ನು ಚಿತ್ರಿಸಿಯೇ ಇರುವುದಿಲ್ಲ. ಹಡಗಿನ ಹೊಟ್ಟೆಯಡಿ, ಬಂಡೆಯ ಚಾಚಿನ ಕೆಳಗೆ ಮೇಣ ಕರಗಿ ಇಳಿದಂಥ ಆಕಾರ ಕಂಡರೆ ಅಲ್ಲಿಗೆ ಕ್ಯಾಮೆರಾ ತಲುಪಿಲ್ಲ, ಸಾಫ್ಟ್‌ವೇರ್ ಊಹಿಸಿ ತುಂಬಿದೆ ಎಂದರ್ಥ. ಅಂಥ ಭಾಗ ನೋಡಿ ಹಡಗಿನ ರಚನೆ ಹೀಗಿತ್ತು ಎಂದು ತೀರ್ಮಾನಿಸಬೇಡಿ.

100 ಎಂಬಿಪಿಎಸ್ ಫೈಬರ್ ಇದ್ದೂ 360 ಡಿಗ್ರಿ ಹವಳದ ವಿಡಿಯೊ ಮಸುಕು. ಅದೇ ಟಿವಿಯಲ್ಲಿ ಮಾಮೂಲಿ 4ಕೆ ವಿಡಿಯೊ ಕನ್ನಡಿಯಷ್ಟು ಸ್ಪಷ್ಟ. ಯಾಕೆ?
– ಎನ್. ಬಿ., ಕದ್ರಿ, ಮಂಗಳೂರು

4ಕೆಯ 360 ವಿಡಿಯೊದಲ್ಲಿ 3840 ಪಿಕ್ಸೆಲ್ ಇಡೀ ಸುತ್ತಿಗೆ, ಅಂದರೆ 360 ಡಿಗ್ರಿಗೆ ಹಂಚಿಹೋಗಿರುತ್ತದೆ. ನಿಮ್ಮ ಪರದೆಯಲ್ಲಿ ಒಂದು ಹೊತ್ತಿಗೆ ಕಾಣುವುದು ಸುಮಾರು 90 ಡಿಗ್ರಿ, ಅಂದರೆ ಅಡ್ಡಕ್ಕೆ 960 ಪಿಕ್ಸೆಲ್ ಅಷ್ಟೆ. 8ಕೆ ಇದ್ದರೂ ನಿಮಗೆ ದಕ್ಕುವುದು 1920, ಮಾಮೂಲಿ ಫುಲ್ ಎಚ್‌ಡಿ. ಹಾಗಾಗಿ ಯೂಟ್ಯೂಬ್ ತಾನಾಗಿ ಆರಿಸುವ ಗುಣಮಟ್ಟವನ್ನು ನಂಬಬೇಡಿ. ಗೇರ್ ಗುರುತು ಒತ್ತಿ ಇರುವುದರಲ್ಲಿ ಅತಿ ಹೆಚ್ಚಿನದನ್ನೇ ಆರಿಸಿ.

4ಕೆಗೆ ಯೂಟ್ಯೂಬ್ ಕೇಳುವುದು ಸುಮಾರು 20 ಎಂಬಿಪಿಎಸ್. ನಿಮ್ಮ ಸಂಪರ್ಕದಲ್ಲಿ ಅದು ಧಾರಾಳ. ಆದರೆ ಮುರಕಲ್ಲಿನ ದಪ್ಪ ಗೋಡೆ ಎರಡು ದಾಟಿದ ವೈಫೈಯಲ್ಲಿ, ಅದರಲ್ಲೂ 5 ಗಿಗಾಹರ್ಟ್ಸ್‌ನಲ್ಲಿ, ಅಷ್ಟು ಉಳಿಯದೇ ಇರಬಹುದು. ಲ್ಯಾನ್ ಕೇಬಲ್ ಹಾಕಿ ಪರೀಕ್ಷಿಸಿ. ವಿಡಿಯೊ ಮಸುಕಲ್ಲ, ತಡವರಿಸುತ್ತದೆ ಎಂದಾದರೆ ಅದರ ಮೇಲೆ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಡ್ರಾಪ್ಡ್ ಫ್ರೇಮ್ಸ್, ಅಂದರೆ ತೋರಿಸದೆ ಬಿಟ್ಟ ಚಿತ್ರಗಳ ಸಂಖ್ಯೆ ಏರುತ್ತಲೇ ಇದ್ದು, ಕೋಡೆಕ್ (ವಿಡಿಯೊ ಒತ್ತಿ ಕುಗ್ಗಿಸುವ ವಿಧಾನ) ಎದುರು ಎವಿ01 ಎಂದಿದ್ದರೆ ನಿಮ್ಮ ಚಿಪ್‌ಗೆ ಎವಿ1 ಬಿಚ್ಚುವ ಸಾಮರ್ಥ್ಯ ಇಲ್ಲದಿರಬಹುದು. ಇಂಟೆಲ್‌ನಲ್ಲಿ ಅದು ಬಂದದ್ದು 11ನೇ ತಲೆಮಾರಿನಿಂದ. ಆಗ ಒಂದು ಮೆಟ್ಟಿಲು ಕೆಳಗಿನ ಗುಣಮಟ್ಟವೇ ಗತಿ.

ಗೂಗಲ್ ಅರ್ಥ್‌ನಲ್ಲಿ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಪಕ್ಕ ಮುಳುಗಿ ನೋಡಿದೆ. ಬಂಡೆ ಕಾಣುತ್ತದೆಂದರೆ ಬರೀ ನೀಲಿ ಬಯಲು. ನನ್ನ ಸೆಟ್ಟಿಂಗ್ ತಪ್ಪೇ?
– ಜಿ. ಎಂ., ಬ್ರಹ್ಮಾವರ

ಸೆಟ್ಟಿಂಗ್ ಮೊದಲು ನೋಡಿಬಿಡೋಣ. ಇದಕ್ಕೆ ಬೇಕಾದದ್ದು ಕಂಪ್ಯೂಟರಿಗೆ ಹಾಕಿಕೊಳ್ಳುವ ಗೂಗಲ್ ಅರ್ಥ್ ಪ್ರೊ, ಅದು ಉಚಿತ. 'ಲೇಯರ್ಸ್' ಪಟ್ಟಿಯ ಕೊನೆಯಲ್ಲಿರುವ 'ಟೆರೇನ್'ಗೆ ಗುರುತು ಹಾಕಿ. 'ವ್ಯೂ' ಮೆನುವಿನಲ್ಲಿ 'ವಾಟರ್ ಸರ್ಫೇಸ್' ತೆಗೆದರೆ ನೀರಿನ ಹೊದಿಕೆ ಹೋಗಿ ತಳ ಕಾಣುತ್ತದೆ. ಏರಿಳಿತ ಸ್ಪಷ್ಟವಾಗಲು 'ಟೂಲ್ಸ್', 'ಆಪ್ಶನ್ಸ್', 'ತ್ರೀಡಿ ವ್ಯೂ'ನಲ್ಲಿ ಎಲಿವೇಶನ್ ಎಕ್ಸಾಜರೇಶನ್ ಅನ್ನು 3ಕ್ಕೆ ಏರಿಸಿ. ನೋಡಿ ಮುಗಿದ ಮೇಲೆ 1ಕ್ಕೆ ಇಳಿಸಲು ಮರೆಯಬೇಡಿ, ಇಲ್ಲವಾದರೆ ಕುದುರೆಮುಖ ಮೂರು ಪಟ್ಟು ಎತ್ತರ ಕಾಣುತ್ತದೆ.

ಇಷ್ಟು ಮಾಡಿದರೂ ಸೇಂಟ್ ಮೇರೀಸ್ ಬಳಿ ಬಂಡೆ ಕಾಣದು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಎಸ್‌ಐಒ, ನೋವಾ, ಅಮೆರಿಕದ ನೌಕಾಪಡೆ, ಎನ್‌ಜಿಎ, ಜೆಬ್ಕೊ ಎಂಬ ಸಂಸ್ಥೆಗಳ ಹೆಸರುಗಳಿವೆಯಲ್ಲ, ತಳದ ಅಂಕಿಅಂಶ ಬಂದದ್ದು ಅಲ್ಲಿಂದ. ಜೆಬ್ಕೊದ ಜಾಗತಿಕ ಪಟದಲ್ಲಿ ಒಂದೊಂದು ಚೌಕಕ್ಕೆ 15 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಅಳತೆ. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 450 ಮೀಟರ್. 450 ಮೀಟರಿನ ಇಡೀ ಚೌಕಕ್ಕೆ ಒಂದೇ ಒಂದು ಆಳದ ಸಂಖ್ಯೆ! ದ್ವೀಪದ ಅಗಲ ಅದಕ್ಕಿಂತ ಎಷ್ಟೋ ಕಡಿಮೆ. ದಡದ ಮೇಲಿನ ಆ ಬಹುಭುಜಾಕಾರದ ಕಲ್ಲುಕಂಬಗಳು ನೀರಿನಡಿಯಲ್ಲಿ ಹೇಗೆ ಮುಂದುವರಿದಿವೆ ಎಂಬುದನ್ನು ಅಂಥ ಚೌಕ ಹೇಳಲಾರದು. ಸಾಲದ್ದಕ್ಕೆ ಜಗತ್ತಿನ ಕಡಲ ತಳದಲ್ಲಿ, ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಸೋನಾರ್‌ನಿಂದ ನಿಜವಾಗಿ ಅಳೆದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಉಪಗ್ರಹಗಳು ಸಮುದ್ರಮಟ್ಟದ ಉಬ್ಬುತಗ್ಗು ಅಳೆದು ಗುರುತ್ವದಿಂದ ಮಾಡಿದ ಅಂದಾಜು. ತಳದ ಮೇಲೆ ನೇರ ಗೆರೆಗಳು ಕಂಡರೆ ಅವು ಮುಳುಗಿದ ನಗರದ ಬೀದಿಗಳಲ್ಲ. ಸೋನಾರ್ ಹೊತ್ತ ಹಡಗು ಹೋದ ದಾರಿಯುದ್ದಕ್ಕೂ ಮಾತ್ರ ವಿವರ ಹೆಚ್ಚಿದೆ, ಪಕ್ಕದಲ್ಲಿ ಕಡಿಮೆ ಇದೆ, ಆ ವ್ಯತ್ಯಾಸವೇ ಗೆರೆ.

ಗೂಗಲ್ ಅರ್ಥ್ ಬೇರೆ ಕೆಲಸಕ್ಕೆ ಸೊಗಸಾಗಿ ಒದಗುತ್ತದೆ. ಮೌಸ್ ಬಾಣವನ್ನು ಮಲ್ಪೆ ದಡದಲ್ಲಿಟ್ಟು ನೇರ ಪಶ್ಚಿಮಕ್ಕೆ ಸರಿಸುತ್ತ, ಕೆಳಗಿನ ಪಟ್ಟಿಯಲ್ಲಿ ಎತ್ತರದ ಸಂಖ್ಯೆ ನೋಡಿ. ಮೈನಸ್ ಗುರುತಿನೊಂದಿಗೆ ಆಳ ಬಹಳ ಹೊತ್ತು ನಿಧಾನವಾಗಿ ಇಳಿಯುತ್ತದೆ. ಖಂಡದ ಅಂಚು ದಾಟಿದ್ದೇ ಸಾವಿರ ಮೀಟರ್ ದಾಟಿ ಧುಮುಕುತ್ತದೆ. ಇನ್ನೂ ಪಶ್ಚಿಮಕ್ಕೆ ಹೋದರೆ ಲಕ್ಷದ್ವೀಪದ ದಿಬ್ಬಗಳು ಮೇಲೇಳುತ್ತವೆ. ನಮ್ಮ ದೋಣಿಗಳು ಬಲೆ ಬೀಸುವ ಆ ಅಗಲ ಜಗಲಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕರಾವಳಿಯ ಪ್ರತಿಯೊಬ್ಬರೂ ಒಮ್ಮೆ ಹೀಗೆ ನೋಡಬೇಕು.

ಮಾಲ್ಟಾದ ಹಡಗಿನ ಮಾಡೆಲ್‌ನಲ್ಲಿ ಬಣ್ಣಗಳು ಹೊಳೆಯುತ್ತವೆ. ಸ್ಟ್ರೀಟ್ ವ್ಯೂನಲ್ಲಿ ಎಲ್ಲ ನೀಲಿ. ಯಾವುದು ನಿಜ?
– ಟಿ. ಎಸ್., ಕಾಪು

ಕಣ್ಣಿಗೆ ಕಾಣುವುದು ನೀಲಿ. ನೀರು ಕೆಂಪು ಬೆಳಕನ್ನು ಮೊದಲು ಹೀರುತ್ತದೆ. ತಿಳಿನೀರಿನಲ್ಲೂ ಐದು–ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅದರ ಬಹುಪಾಲು ಹೋಗಿರುತ್ತದೆ. ಮಾಡೆಲ್‌ಗಾಗಿ ಫೋಟೊ ತೆಗೆಯುವವರು ದೀಪ ಹಿಡಿದು ಹತ್ತಿರ ಹೋಗುತ್ತಾರೆ, ಆಮೇಲೆ ಬಣ್ಣ ತಿದ್ದುತ್ತಾರೆ. ನೀವು ನೋಡಿದ್ದು 2020ರಲ್ಲಿ ತೆರೆದ 'ಅಂಡರ್‌ವಾಟರ್ ಮಾಲ್ಟಾ' ವರ್ಚುವಲ್ ಮ್ಯೂಸಿಯಂನ ಶ್ಲೆಂಡಿ ಹಡಗಾದರೆ, ಅದು ಸುಮಾರು 2,700 ವರ್ಷ ಹಳೆಯ ಫಿನೀಷಿಯನ್ (ಮೆಡಿಟರೇನಿಯನ್ ತೀರದ ಪ್ರಾಚೀನ ವರ್ತಕ ಜನಾಂಗ) ಸರಕು ಹಡಗು, ಇರುವುದು ಸುಮಾರು 110 ಮೀಟರ್ ಆಳದಲ್ಲಿ. ಹವ್ಯಾಸಿ ಡೈವಿಂಗ್‌ನ ಮಿತಿ 40 ಮೀಟರ್. ಮಣ್ಣಿನ ಹೂಜಿಗಳ ಆ ಗುಡ್ಡೆಯನ್ನು, ನಡುವೆ ಬಿದ್ದಿರುವ ಧಾನ್ಯ ಅರೆಯುವ ಕಲ್ಲುಗಳನ್ನು ನಮ್ಮಂಥವರು ನೋಡಲು ಮಾಡೆಲ್ ಬಿಟ್ಟರೆ ದಾರಿಯಿಲ್ಲ. ಅದಕ್ಕೇ ಮೂರು ಬಗೆಗಳಲ್ಲಿ ನಮ್ಮ ಓಟು ತ್ರೀಡಿ ಮಾಡೆಲ್‌ಗೆ.

ನಮ್ಮ ದಡದ ನೀರು ನೀಲಿಗಿಂತ ಹಸಿರಾಗಿ ಕಾಣುವುದಕ್ಕೆ ಕಾರಣ ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ನದಿಗಳು ತರುವ ಕೆಸರು, ಕೊಳೆತ ಎಲೆಗಳ ಬಣ್ಣ.

ಮಳೆಗಾಲ ಮುಗಿದ ಮೇಲೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಡೈವ್ ಮಾಡಬೇಕೆಂದಿದ್ದೇನೆ. ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿದರೆ ತರಬೇತಿ ಕಡಿಮೆ ಮಾಡಬಹುದೇ?
– ಎ. ಎಚ್., ಕುಂದಾಪುರ

ಒಂದು ನಿಮಿಷವೂ ಕಡಿಮೆ ಮಾಡಬೇಡಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಕಿವಿತಮಟೆ ಒಳಕ್ಕೆ ಎಳೆಯಲ್ಪಡುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿದೂಗಿಸುವುದನ್ನು ನೋವು ಶುರುವಾಗುವ ಮೊದಲೇ, ಮೇಲ್ಮೈಯಿಂದಲೇ ಆರಂಭಿಸಬೇಕು. ಮೇಲೇರುವಾಗ ಉಸಿರು ಕಟ್ಟಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅದನ್ನು ಹರಿಯಬಹುದು. ಇದು ಜೀವಕ್ಕೇ ಅಪಾಯ. ಇವೆರಡನ್ನೂ ಪರದೆ ಕಲಿಸಲಾರದು. ನೆಗಡಿ ಇದ್ದರೆ ಆ ದಿನ ಇಳಿಯಲೇಬೇಡಿ. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಹೃದಯದ ತೊಂದರೆ ಮುಚ್ಚಿಡಬೇಡಿ.

ಪರದೆ ಕಲಿಸುವುದು ದಿಕ್ಕನ್ನು. ಉಪಗ್ರಹ ಚಿತ್ರದಲ್ಲಿ ನೇತ್ರಾಣಿಯ ಆಕಾರ ನೋಡಿ, ಉತ್ತರ ಗುರುತಿಸಿ ಕಾಗದದಲ್ಲಿ ಬರೆದುಕೊಳ್ಳಿ. ದೋಣಿಯಲ್ಲಿ ಬೋಧಕರು 'ಈ ಬದಿಯಲ್ಲಿ ಇಳಿಯುತ್ತೇವೆ' ಎಂದಾಗ ನಿಮಗೆ ಜಾಗ ಗೊತ್ತಿರುತ್ತದೆ. 360 ಚಿತ್ರಗಳಲ್ಲಿ ಬಂಡೆಯ ಸಂದಿ ಹುಡುಕುವ ಅಭ್ಯಾಸವೂ ಒಳ್ಳೆಯದು, ಮುರು ಮೀನು ನಿಲ್ಲುವುದು ಅಂಥಲ್ಲೇ. ಮಾಸ್ಕ್ ಒಳಗಿಂದ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದು ನೆನಪಿರಲಿ.

ಶಾಲೆಯ ಲ್ಯಾಬ್‌ನಲ್ಲಿ ಹತ್ತು ಹಳೆಯ ಕಂಪ್ಯೂಟರ್, ಮಳೆ ಬಂದರೆ ಇಂಟರ್‌ನೆಟ್ ಇಲ್ಲ. ಎಂಟನೇ ತರಗತಿಗೆ ಹೇಗೆ ತೋರಿಸಲಿ?
– ಶಿಕ್ಷಕಿ, ಬೈಂದೂರು

ಹತ್ತರಲ್ಲೂ ತೆರೆಯುವ ಪ್ರಯತ್ನ ಬಿಡಿ. ಇರುವುದರಲ್ಲಿ ಒಳ್ಳೆಯ ಒಂದು ಯಂತ್ರ, ಒಂದು ಪ್ರೊಜೆಕ್ಟರ್, ಕಿಟಕಿಗೆ ಪರದೆ. ಮಾಡಿದವರು ಡೌನ್‌ಲೋಡ್‌ಗೆ ಅನುಮತಿ ಕೊಟ್ಟಿರುವ ಮಾಡೆಲ್ ಆರಿಸಿ, ಲೈಸೆನ್ಸ್ ಓದಿ, ಆಕಾರ, ಬಣ್ಣ ಎರಡೂ ಒಂದೇ ಕಡತದಲ್ಲಿರುವ ಜಿಎಲ್‌ಬಿ ರೂಪದಲ್ಲಿ ಮೊದಲೇ ಇಳಿಸಿಕೊಳ್ಳಿ. ಉಚಿತ ಬ್ಲೆಂಡರ್ ತಂತ್ರಾಂಶದಲ್ಲಿ 'ಇಂಪೋರ್ಟ್' ಮಾಡಿದರೆ ಇಂಟರ್‌ನೆಟ್ ಬೇಡ. ಮಾಡೆಲ್ ಬೂದು ಬಣ್ಣದಲ್ಲಿ ಬಂದರೆ ಗಾಬರಿಯಾಗಬೇಡಿ, ಮೇಲಿನ ಬಲಮೂಲೆಯಲ್ಲಿ 'ಮೆಟೀರಿಯಲ್ ಪ್ರಿವ್ಯೂ' ಒತ್ತಿ. ಮೌಸ್ ಮಕ್ಕಳ ಕೈಯಲ್ಲಿರಲಿ, ಪ್ರಶ್ನೆ ನೀವು ಕೇಳಿ: ಹಡಗಿನ ಮೂತಿ ಯಾವ ಕಡೆ? ಯಾವ ಬದಿಗೆ ವಾಲಿದೆ?

ಇಂಥ ಮಾಡೆಲ್ ನಾವೇ ಮಾಡಬಹುದೇ? ನನ್ನಲ್ಲಿ ಆ್ಯಕ್ಷನ್ ಕ್ಯಾಮೆರಾ ಇದೆ. ಮಲ್ಪೆ ಕಡೆಯ ಬಂಡೆಯೊಂದನ್ನು ಮಾಡುವಾಸೆ.
– ಪಿ. ಎನ್., ಮಣಿಪಾಲ

ಮಾಡಬಹುದು. ಮೊದಲು ಅಂಗಳದಲ್ಲಿ ಒಂದು ಮಾಡಿ ನೋಡಿ. ಮನೆಯ ಹಿಂದೆ ಹಳೆಯ ಅರೆಯುವ ಕಲ್ಲು ಇದ್ದರೆ ಅದಕ್ಕಿಂತ ಒಳ್ಳೆಯ ವಸ್ತು ಬೇರೆ ಇಲ್ಲ, ಅದರ ಒರಟು ಮೈಯಲ್ಲಿ ಸಾಫ್ಟ್‌ವೇರ್ ಹಿಡಿದುಕೊಳ್ಳಲು ಸಾವಿರಾರು ಗುರುತು ಸಿಗುತ್ತವೆ. ಕಲ್ಲು ಒಣಗಿರಬೇಕು. ಒದ್ದೆ ಮೈಯ ಹೊಳಪು ನೀವು ಸರಿದಂತೆ ತಾನೂ ಸರಿಯುವುದರಿಂದ ಲೆಕ್ಕ ತಪ್ಪುತ್ತದೆ. ಮೋಡ ಕವಿದು ಮಳೆ ಬಿಡುವು ಕೊಟ್ಟ ಹೊತ್ತು ಉತ್ತಮ, ನೆರಳು ಬೀಳುವುದಿಲ್ಲ. ಕಲ್ಲಿನಡಿ ಹಳೆಯ ಪತ್ರಿಕೆ ಹಾಸಿ, ಅಕ್ಷರಗಳೂ ಗುರುತಾಗುತ್ತವೆ. ಕಲ್ಲನ್ನು ತಿರುಗಿಸಬೇಡಿ, ನೀವು ಅದರ ಸುತ್ತ ನಡೆಯಿರಿ. ಸೊಂಟದ ಎತ್ತರದಿಂದ ಒಂದು ಸುತ್ತು, ಬಗ್ಗಿ ಒಂದು ಸುತ್ತು, ಮೇಲಿನಿಂದ ಒಂದು ಸುತ್ತು, ಪ್ರತಿ ಸುತ್ತಿಗೆ 30ರಂತೆ 90 ಫೋಟೊ. ಮೆಶ್‌ರೂಮ್ ಎಂಬ, ಫೋಟೊಗಳಿಂದ ತ್ರೀಡಿ ಮಾಡೆಲ್ ಕಟ್ಟುವ ಉಚಿತ ತಂತ್ರಾಂಶಕ್ಕೆ ಎಲ್ಲವನ್ನೂ ಎಳೆದು ಹಾಕಿ 'ಸ್ಟಾರ್ಟ್' ಒತ್ತಿ. ಅದರ 'ಡೆಪ್ತ್ ಮ್ಯಾಪ್' (ಪ್ರತಿ ಫೋಟೊದ ಬಿಂದುಗಳ ದೂರ ಲೆಕ್ಕಹಾಕುವ) ಹಂತಕ್ಕೆ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಬೇಕು. ಕೆಲಸ ಅಲ್ಲೇ ಕೆಂಪಾಗಿ ನಿಂತರೆ ಮೊದಲು ಅದನ್ನೇ ಸಂಶಯಿಸಿ.

ನೀರಿಗೆ ಇಳಿದಾಗ ಲೆಕ್ಕ ಮೊದಲೇ ಆಗಿರಬೇಕು. ತಳದಿಂದ ಒಂದೂವರೆ ಮೀಟರ್ ಮೇಲೆ ನಿಮ್ಮ ಕ್ಯಾಮೆರಾ ಅಡ್ಡಕ್ಕೆ 1.6 ಮೀಟರ್, ಉದ್ದಕ್ಕೆ 1.2 ಮೀಟರ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಫೋಟೊದ ಶೇ. 80 ಭಾಗ ಮುಂದಿನದರಲ್ಲೂ ಇರಬೇಕಾದರೆ ಎರಡು ಫೋಟೊಗಳ ನಡುವೆ 24 ಸೆಂಟಿಮೀಟರ್‌ಗಿಂತ ಹೆಚ್ಚು ಸಾಗುವಂತಿಲ್ಲ. ಸೆಕೆಂಡಿಗೊಂದು ಫೋಟೊ ಇಟ್ಟರೆ ನಿಮ್ಮ ವೇಗ ಗಂಟೆಗೆ ಒಂದು ಕಿಲೋಮೀಟರ್ ಕೂಡ ಅಲ್ಲ. ಪಕ್ಕದ ಸಾಲಿನೊಂದಿಗೆ ಶೇ. 60 ಹೊಂದಬೇಕಾದರೆ ಸಾಲುಗಳ ಅಂತರ 64 ಸೆಂಟಿಮೀಟರ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗಕ್ಕೆ 16 ಸಾಲು, ಸಾಲಿಗೆ 42ರಂತೆ ಸುಮಾರು 670 ಫೋಟೊ. ಅಡ್ಡಡ್ಡವಾಗಿ ಇನ್ನೊಮ್ಮೆ ಈಜಿದರೆ ಇದರ ಎರಡು ಪಟ್ಟು. ಹಾಗಾಗಿ ಮೊದಲ ಸಲ ಮೂರು ಮೀಟರಿನ ಒಂದು ಬಂಡೆ ಸಾಕು.

ಕ್ಯಾಮೆರಾದ ಜೂಮ್ ಬದಲಿಸಬೇಡಿ, ನೀರಿನಲ್ಲಿ ತೆಗೆದ ಫೋಟೊಗಳ ಜೊತೆ ದಡದ ಮೇಲಿನವನ್ನು ಬೆರೆಸಬೇಡಿ. ಚಪ್ಪಟೆ ಗಾಜಿನ ಹಿಂದೆ ನೀರು ಬೆಳಕನ್ನು ಬಾಗಿಸಿ ನೋಟ ಕಿರಿದು ಮಾಡುತ್ತದೆ, ಲೆನ್ಸಿನ ಲೆಕ್ಕವೇ ಬೇರೆಯಾಗುತ್ತದೆ. ಅಳತೆಗೆ 50 ಸೆಂಟಿಮೀಟರಿನ ಎರಡು ಪಿವಿಸಿ ಕೊಳವೆಗೆ ಕಪ್ಪು–ಬಿಳಿ ಪಟ್ಟಿ ಸುತ್ತಿ, ತೂತು ಕೊರೆದು ನೀರು ತುಂಬುವಂತೆ ಮಾಡಿ, ತೂಕ ಕಟ್ಟಿ ತಳದಲ್ಲಿಡಿ. ಮಾಡೆಲ್‌ಗೆ ಒಂದರಿಂದ ಅಳತೆ ಕೊಟ್ಟು ಇನ್ನೊಂದನ್ನು ಅಳೆಯಿರಿ. 51 ಬಂದರೆ ತಪ್ಪು ಶೇ. 2.

ಕೆಡುವುದು ಎಲ್ಲಿ? ಬರೀ ಮರಳಿನ ಮೇಲೆ, ಅಲ್ಲಿ ಗುರುತುಗಳಿಲ್ಲ. ಓಲಾಡುವ ಪಾಚಿಯಲ್ಲಿ, ಅದು ಪ್ರತಿ ಫೋಟೊದಲ್ಲೂ ಬೇರೆ ಕಡೆ. ಐದು ಮೀಟರ್‌ಗಿಂತ ಕಡಿಮೆ ಆಳದಲ್ಲಿ ಬಿಸಿಲು ತಳದ ಮೇಲೆ ಬಲೆಬಲೆಯಾಗಿ ಕುಣಿಯುವಾಗ, ಸಾಫ್ಟ್‌ವೇರ್ ಆ ಬೆಳಕಿನ ಗೆರೆಯನ್ನೇ ಬಂಡೆಯ ಗುರುತೆಂದು ತಿಳಿಯುತ್ತದೆ. ಬೆಳಗ್ಗೆ ಬೇಗ ಇಳಿಯಿರಿ. ಮಲ್ಪೆ ಬಳಿ ಎಲ್ಲಕ್ಕಿಂತ ದೊಡ್ಡ ತೊಡಕು ಕೆಸರು. ಮಳೆಗಾಲ ಕಳೆದು ನೀರು ತಿಳಿಯಾಗುವ ತನಕ ಕಾಯಿರಿ. ಕೈಚಾಚಿದಾಗ ನಿಮ್ಮ ಬೆರಳುಗಳೇ ಮಸುಕಾಗಿ ಕಂಡರೆ ಆ ದಿನದ ಫೋಟೊಗಳಿಂದ ಏನೂ ಆಗುವುದಿಲ್ಲ. ಕಾಲಿಗೆ ಹಾಕುವ ಈಜುರೆಕ್ಕೆ (ಫಿನ್) ತಳಕ್ಕೆ ತಾಗದಿರಲಿ, ಬಂಡೆಗೆ ಹತ್ತಿದ ಪಚ್ಚಿಲೆ ಚಿಪ್ಪುಗಳನ್ನು ಸರಿಸಬೇಡಿ. ಸೇಂಟ್ ಮೇರೀಸ್‌ನ ಬಂಡೆಗಳ ಬದಿಯಲ್ಲಿ ತೆರೆಯ ಸೆಳೆತ ಬಲ, ಜೀವರಕ್ಷಕರು ಒಪ್ಪಿದ ಜಾಗ ಬಿಟ್ಟು ಇಳಿಯಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ.

ಫಸ್ಟ್ ಪರ್ಸನ್‌ನಲ್ಲಿ ಐದು ನಿಮಿಷ ಸುತ್ತಿದರೆ ತಲೆ ತಿರುಗಿ ವಾಕರಿಕೆ.
– ಎಲ್. ಎಸ್., ಉಳ್ಳಾಲ

ಕಣ್ಣು 'ಚಲಿಸುತ್ತಿದ್ದೇನೆ' ಎನ್ನುತ್ತದೆ, ಒಳಕಿವಿ 'ಕುಳಿತಿದ್ದೇನೆ' ಎನ್ನುತ್ತದೆ, ಅದರ ತಿಕ್ಕಾಟ ಇದು. ಪೂರ್ಣ ಪರದೆ ಬಿಟ್ಟು ಕಿಟಕಿಯನ್ನು ಚಿಕ್ಕದು ಮಾಡಿ, ಸುತ್ತಲಿನ ಗೋಡೆ ಕಣ್ಣಿಗೆ ಬೀಳುವಂತಿರಲಿ. ಕೋಣೆಯ ದೀಪ ಹಾಕಿಡಿ. ಸಾಗುವುದು, ತಿರುಗುವುದು ಎರಡನ್ನೂ ಒಟ್ಟಿಗೆ ಮಾಡಬೇಡಿ, ನಿಂತು ತಿರುಗಿ, ಆಮೇಲೆ ಸಾಗಿ. ಚಿತ್ರ ತಡವರಿಸುವ ಯಂತ್ರದಲ್ಲಿ ವಾಕರಿಕೆ ಹೆಚ್ಚು, ಆದ್ದರಿಂದ ಟೆಕ್ಸ್ಚರ್ ಗುಣಮಟ್ಟ ಇಳಿಸಿದರೂ ಅನುಕೂಲ. ವಾಕರಿಕೆ ಶುರುವಾದ ಕೂಡಲೇ ನಿಲ್ಲಿಸಿ, ತಡೆದುಕೊಂಡು ಮುಂದುವರಿದರೆ ಗಂಟೆಗಟ್ಟಲೆ ಕಾಡುತ್ತದೆ. ಇಷ್ಟಕ್ಕೂ ಆಗದಿದ್ದರೆ ಮಾಡೆಲ್ ತಿರುಗಿಸಿ ನೋಡುವ ಮಾಮೂಲಿ ವಿಧಾನಕ್ಕೇ ಮರಳಿ, ಅದರಲ್ಲಿ ಕಾಣುವ ವಿವರವೇನೂ ಕಡಿಮೆಯಲ್ಲ.